ಎರಡು ರಾತ್ರಿ ಉಪವಾಸ ಕೂತ ಹನ್ನೆರಡು ಜನ



ಜ್ಯೂರಿ ಅಂದರೆ ಇವತ್ತು ನಮ್ಮ ಮನೆಗಳಲ್ಲಿ ಗೊತ್ತಿರುವುದು ಟಿವಿಯ ಹಾಡಿನ ಸ್ಪರ್ಧೆಯಲ್ಲಿ ದೊಡ್ಡ ಕುರ್ಚಿಯ ಮೇಲೆ ಕೂತು ಅಂಕ ಕೊಡುವವರು. ಕೋರ್ಟಿನಲ್ಲಿ ಕೂರುವ ಜ್ಯೂರಿಯನ್ನು ನಾವು ನೋಡಿದ್ದು ಸಿನಿಮಾದಲ್ಲಿ ಮಾತ್ರ. ಕಾನೂನು ಓದದ ಸಾಧಾರಣ ಜನರನ್ನು ಕರೆದು, ಸಾಕ್ಷಿ ಕೇಳಿಸಿ, ಈ ಮನುಷ್ಯ ತಪ್ಪು ಮಾಡಿದ್ದಾನೋ ಇಲ್ಲವೋ ನೀವೇ ಹೇಳಿ ಅನ್ನುವ ಪದ್ಧತಿ ಅದು. ನಮ್ಮ ಕಡೆಯಿಂದ ಅಮೆರಿಕಕ್ಕೆ ಹೋಗಿ ಅಲ್ಲಿನ ಪೌರರಾದವರಿಗೆ ಇಂದಿಗೂ ಅಂಚೆಯಲ್ಲಿ ಈ ಕರೆ ಬರುತ್ತದೆ. ಬಂದಾಗ ಬಹಳ ಜನ ಮೊದಲು ಯೋಚಿಸುವುದು ಒಂದೇ: ಇದರಿಂದ ತಪ್ಪಿಸಿಕೊಳ್ಳುವುದು ಹೇಗೆ? ಕೆಲಸ ಕೆಡುತ್ತದೆ, ಮಕ್ಕಳನ್ನು ನೋಡಿಕೊಳ್ಳುವವರಿಲ್ಲ, ಯಾರದೋ ಜಗಳ ನಮಗ್ಯಾಕೆ.

ಅವರನ್ನು ನೋಡಿ ನಗುವ ಮೊದಲು ನಮ್ಮ ಓಣಿಯನ್ನೇ ನೋಡಿಕೊಳ್ಳೋಣ. ಪೊಲೀಸರು ಪಂಚನಾಮೆಗೆ ಇಬ್ಬರು ಬೇಕು ಎಂದು ಬಂದರೆ ಅಂಗಡಿಯ ಮುಂದೆ ಚಹಾ ಕುಡಿಯುತ್ತ ನಿಂತವರೆಲ್ಲ ಎರಡು ನಿಮಿಷದಲ್ಲಿ ಮಾಯ. 'ಕೋರ್ಟಿನ ಮೆಟ್ಟಿಲು ಹತ್ತಬಾರದು' ಅನ್ನುವುದನ್ನು ನಾವು ಹಿರಿಯರ ಬುದ್ಧಿಮಾತು ಎಂದು ತಿಳಿದುಕೊಂಡಿದ್ದೇವೆ.

ಆ ಮೆಟ್ಟಿಲು ಹತ್ತಿ ಕೂತ ಹನ್ನೆರಡು ಜನರ ಕತೆ ಇಲ್ಲಿದೆ. ನಡೆದದ್ದು 1670ರಲ್ಲಿ, ಲಂಡನ್ನಿನಲ್ಲಿ.

ಆಗ ಇಂಗ್ಲೆಂಡಿನಲ್ಲಿ ರಾಜನ ಚರ್ಚು ಒಪ್ಪಿದ ರೀತಿಯಲ್ಲೇ ಪ್ರಾರ್ಥನೆ ಮಾಡಬೇಕಿತ್ತು. ಬೇರೆ ರೀತಿಯ ಆರಾಧನೆಗೆ ಮನೆಯವರನ್ನು ಬಿಟ್ಟು ಐವರು ಅಥವಾ ಹೆಚ್ಚು ಜನ ಸೇರಿದರೆ ಅಪರಾಧ. ಕಥೋಲಿಕರಿಗೆ ಬಲಿಪೂಜೆಯೇ ನಿಷಿದ್ಧವಾಗಿತ್ತು. ಕ್ವೇಕರ್ ಎಂಬ ಪಂಗಡದವರ ಮೇಲೂ ಅದೇ ಕಣ್ಣು. ಈ ಕ್ವೇಕರರು ಹೇಳುವುದರಲ್ಲಿ ನಾವು ಒಪ್ಪದ್ದು ಬಹಳ ಇದೆ. ಅವರಲ್ಲಿ ಗುರುಗಳಿಲ್ಲ, ಸಂಸ್ಕಾರಗಳಿಲ್ಲ. ಮೌನವಾಗಿ ಕೂರುತ್ತಾರೆ, ಪವಿತ್ರಾತ್ಮರು ಪ್ರೇರೇಪಿಸಿದರೆ ಯಾರಾದರೂ ಎದ್ದು ಮಾತಾಡುತ್ತಾರೆ. ಆಣೆ ಇಡುವುದಿಲ್ಲ. ದೊರೆಯ ಎದುರೂ ಟೋಪಿ ತೆಗೆಯುವುದಿಲ್ಲ. ಈ ಟೋಪಿಯ ವಿಷಯ ನೆನಪಿಟ್ಟುಕೊಳ್ಳಿ.

ಆಗಸ್ಟ್ 14, ಭಾನುವಾರ. ಗ್ರೇಸ್‌ಚರ್ಚ್ ಬೀದಿಯಲ್ಲಿದ್ದ ಕ್ವೇಕರರ ಪ್ರಾರ್ಥನಾಮಂದಿರಕ್ಕೆ ಸಿಪಾಯಿಗಳು ಕಾವಲು ನಿಂತು ಬಾಗಿಲು ಮುಚ್ಚಿಸಿದ್ದರು. ಒಳಗೆ ಬಿಡದಿದ್ದರೆ ಏನಂತೆ, ಬೀದಿಯೇ ಸಾಕು ಎಂದು ವಿಲಿಯಂ ಪೆನ್ ಅಲ್ಲೇ ನಿಂತು ಬೋಧನೆ ಶುರು ಮಾಡಿದ. ಅವನಿಗೆ ಆಗ 25 ವರ್ಷ. ನಮ್ಮ ಯುವಕ ಸಂಘದ ಅನೇಕರ ವಯಸ್ಸು. ತಂದೆ ನೌಕಾಪಡೆಯ ಅಡ್ಮಿರಲ್. ಮಗ ಈ ಪಂಗಡ ಸೇರಿದ್ದು ತಂದೆಗೆ ದೊಡ್ಡ ನೋವು. ಜೊತೆಯಲ್ಲಿದ್ದ ವಿಲಿಯಂ ಮೀಡ್ ಬಟ್ಟೆ ವ್ಯಾಪಾರಿ. ಇಬ್ಬರನ್ನೂ ಹಿಡಿದರು.

ಸರ್ಕಾರ ಒಂದು ಲೆಕ್ಕ ತಪ್ಪಿತು. ಪ್ರಾರ್ಥನಾ ಕೂಟದ ಕಾಯ್ದೆಯಡಿ ಕೇಸು ಹಾಕಿದ್ದರೆ ಜ್ಯೂರಿ ಇಲ್ಲದೆ ಮ್ಯಾಜಿಸ್ಟ್ರೇಟರೇ ಮುಗಿಸಬಹುದಿತ್ತು. ಆದರೆ ಕಾನೂನುಬಾಹಿರ ಗುಂಪು ಕಟ್ಟಿ ಗಲಭೆ ಎಬ್ಬಿಸಿದರು ಎಂಬ ದೊಡ್ಡ ಆರೋಪ ಹೊರಿಸಿದರು. ದೊಡ್ಡ ಆರೋಪಕ್ಕೆ ಜ್ಯೂರಿ ಬೇಕೇ ಬೇಕು. ಹೀಗೆ ಲಂಡನ್ನಿನ ಹನ್ನೆರಡು ಗೃಹಸ್ಥರು ಈ ಕೇಸಿನೊಳಗೆ ಬಂದರು.

ಓಲ್ಡ್ ಬೇಯ್ಲಿ ನ್ಯಾಯಾಲಯದಲ್ಲಿ ವಿಚಾರಣೆ. ಪೀಠದಲ್ಲಿ ನಗರದ ಮೇಯರ್ ಸರ್ ಸ್ಯಾಮ್ಯುಯೆಲ್ ಸ್ಟಾರ್ಲಿಂಗ್, ಪಕ್ಕದಲ್ಲಿ ರೆಕಾರ್ಡರ್ ಎಂಬ ಹುದ್ದೆಯ ನ್ಯಾಯಾಧೀಶ ಜಾನ್ ಹೋವೆಲ್. ಕೈದಿಗಳು ಒಳಗೆ ಬರುವಾಗ ಬಾಗಿಲಲ್ಲಿ ಯಾರೋ ಅವರ ಟೋಪಿ ತೆಗೆದಿದ್ದರು. ಪೀಠದಿಂದ ಅಪ್ಪಣೆಯಾಯಿತು: ಟೋಪಿ ಮತ್ತೆ ಅವರ ತಲೆ ಮೇಲೆ ಇಡಿ. ಇಟ್ಟರು. ಆಮೇಲೆ, ನ್ಯಾಯಾಲಯದಲ್ಲಿ ಟೋಪಿ ತೆಗೆಯದೆ ನಿಂತಿದ್ದೀರಿ ಎಂದು ಇಬ್ಬರಿಗೂ ತಲಾ 40 ಮಾರ್ಕ್ ದಂಡ! ಜ್ಯೂರಿಯ ಹನ್ನೆರಡೂ ಜನ ಇದನ್ನು ಕಣ್ಣಾರೆ ನೋಡುತ್ತ ಕೂತಿದ್ದರು. ಅವರ ಮನಸ್ಸು ತಿರುಗಿದ್ದು ಅಲ್ಲೇ ಇರಬೇಕು ಎಂದು ನಮ್ಮ ಊಹೆ.

ಪೆನ್ ಒಂದೇ ಪ್ರಶ್ನೆ ಹಿಡಿದ. ಯಾವ ಕಾನೂನಿನ ಪ್ರಕಾರ ನನ್ನ ಮೇಲೆ ಆರೋಪ, ಅದನ್ನು ತೋರಿಸಿ. ಬರೆದಿಟ್ಟ ಕಾಯ್ದೆಯಲ್ಲ, ಹಿಂದಿನಿಂದ ಬಂದ ರೂಢಿಯ ಕಾನೂನು ಎಂದರು. ಹಾಗಿದ್ದರೆ ಅದು ಏನು ಹೇಳುತ್ತದೆ ತಿಳಿಸಿ ಎಂದ. ಉತ್ತರದ ಬದಲು ಅವನನ್ನು ಎಳೆದು ಕೋರ್ಟಿನ ಮೂಲೆಯಲ್ಲಿದ್ದ ಕಟಾಂಜನದೊಳಗೆ ಹಾಕಿದರು. ಮೀಡ್‌ನಿಗೂ ಅದೇ ಗತಿ. ಜ್ಯೂರಿಗೆ ನ್ಯಾಯಾಧೀಶರ ಸೂಚನೆ ನಡೆದದ್ದು ಆರೋಪಿಗಳ ಬೆನ್ನ ಹಿಂದೆ.

ಜ್ಯೂರಿ ಮೇಲಿನ ಕೋಣೆಗೆ ಹೋಯಿತು. ಒಂದೂವರೆ ಗಂಟೆಯ ನಂತರ ಎಂಟು ಜನ ಕೆಳಗೆ ಬಂದರು, ನಾಲ್ವರು ಬರಲೇ ಇಲ್ಲ. ಕರೆಸಿದರು. ಆ ನಾಲ್ವರಲ್ಲಿ ಎಡ್ವರ್ಡ್ ಬುಶೆಲ್ ಎಂಬವನ ಮೇಲೆ ಪೀಠದ ಸಿಟ್ಟೆಲ್ಲ ಬಿತ್ತು. ಇವನೇ ಉಳಿದವರನ್ನು ಕೆಡಿಸುತ್ತಿದ್ದಾನೆ ಎಂದು ಎಲ್ಲರ ಎದುರು ಬೈದರು. ವಾಪಸ್ ಕಳಿಸಿದರು. ಮತ್ತೆ ಬಂದಾಗ ಮುಖ್ಯಸ್ಥ ಥಾಮಸ್ ವೀರ್ ಹೇಳಿದ ತೀರ್ಪು: ಪೆನ್ ಗ್ರೇಸ್‌ಚರ್ಚ್ ಬೀದಿಯಲ್ಲಿ ಮಾತಾಡಿದ್ದು ನಿಜ. ಅಷ್ಟೇ. ಗುಂಪು ಕಾನೂನುಬಾಹಿರ ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಬೀದಿಯಲ್ಲಿ ಮಾತಾಡುವುದು ಅಪರಾಧವಲ್ಲ, ಹಾಗಾಗಿ ಇದು ತೀರ್ಪೇ ಅಲ್ಲ ಎಂದು ಪೀಠ ಕೆರಳಿತು. ಸರಿಯಾದ ತೀರ್ಪು ಕೊಡುವ ತನಕ ಅನ್ನವಿಲ್ಲ, ನೀರಿಲ್ಲ, ಬೆಂಕಿಯಿಲ್ಲ, ತಂಬಾಕಿಲ್ಲ ಎಂದು ಕೋಣೆಗೆ ಬೀಗ ಹಾಕಿಸಿದರು. ಮೂತ್ರಕ್ಕೆ ಪಾತ್ರೆ ಕೇಳಿದರೆ ಅದನ್ನೂ ಕೊಡಲಿಲ್ಲ.

ಇಲ್ಲಿ ಒಂದು ಮಾತು. ಉಪವಾಸ ಹಾಕುವುದು ಆ ನ್ಯಾಯಾಧೀಶರು ಹೊಸದಾಗಿ ಕಂಡುಹಿಡಿದ ಕ್ರೌರ್ಯವಲ್ಲ, ಅಂದಿನ ಪದ್ಧತಿಯೇ ಅದು. ಹನ್ನೆರಡೂ ಜನ ಒಂದೇ ಮಾತು ಹೇಳಬೇಕೆಂಬುದು ನಿಯಮ. ನಾವು ಬಿಎಸ್ಸಿಯಲ್ಲಿ ಓದಿದ ಸಂಭವನೀಯತೆಯ ಲೆಕ್ಕ ಹಾಕಿ ನೋಡಿ. ಒಬ್ಬೊಬ್ಬನೂ 'ದೋಷಿ' ಎನ್ನುವ ಸಂಭವ ಹತ್ತಕ್ಕೆ ಒಂಬತ್ತು ಇದ್ದರೂ, ಒಬ್ಬರ ಪ್ರಭಾವ ಇನ್ನೊಬ್ಬರ ಮೇಲೆ ಇಲ್ಲದಿದ್ದರೆ, ಹನ್ನೆರಡೂ ಜನ ಒಟ್ಟಿಗೆ ಹಾಗೆನ್ನುವ ಸಂಭವ ನೂರಕ್ಕೆ 28 ಮಾತ್ರ. ಒಮ್ಮತ ತಾನಾಗಿ ಹುಟ್ಟುವುದು ಅಷ್ಟು ಕಷ್ಟ. ಹಸಿವಾದರೆ ಬೇಗ ಒಪ್ಪುತ್ತಾರೆ ಎಂಬುದು ಹಳೆಯ ಕಾನೂನಿನ ಎಣಿಕೆ. ಅಂಥ ಕರೆ ಮನೆಗೆ ಬಂದರೆ ಯಾರು ಸಂತೋಷದಿಂದ ಹೋದಾರು?

ಮರುದಿನ ಭಾನುವಾರ. ಭಾನುವಾರ ಬೀದಿಯಲ್ಲಿ ಬೋಧಿಸಿದ್ದಕ್ಕೆ ಕೇಸು ನಡೆಸುತ್ತಿದ್ದವರು ಅದೇ ಭಾನುವಾರ ಬೆಳಗ್ಗೆ 7 ಗಂಟೆಗೆ ಕೋರ್ಟು ತೆರೆದು ಕೂತರು. ಜ್ಯೂರಿ ಅದೇ ಉತ್ತರ ಕೊಟ್ಟಿತು. ಮತ್ತೆ ಕಳಿಸಿದರು, ಮತ್ತೆ ಅದೇ ಉತ್ತರ. ಬುಶೆಲ್‌ನ ಮೂಗು ಕೊಯ್ಯುತ್ತೇನೆ ಎಂದು ಮೇಯರ್ ಗದರಿದ. ಸ್ಪೇನಿನಲ್ಲಿರುವಂಥ ಇನ್‌ಕ್ವಿಸಿಶನ್ ನಮ್ಮಲ್ಲೂ ಇದ್ದರೆ ಒಳ್ಳೆಯದಿತ್ತು, ಅದರ ಅಗತ್ಯ ಈಗ ಅರ್ಥವಾಯಿತು ಎಂಬರ್ಥದ ಮಾತು ರೆಕಾರ್ಡರನ ಬಾಯಿಂದ ಬಂತು. ಕಥೋಲಿಕರನ್ನು ಕಂಡರೆ ಆಗದ ಆಡಳಿತದ ನ್ಯಾಯಾಧೀಶ ಕಥೋಲಿಕ ಸ್ಪೇನಿನ ಆ ನ್ಯಾಯಮಂಡಲಿಯನ್ನು ಹೊಗಳಿದ್ದು. ಹಿಂಸೆ ಬೇಕಾದಾಗ ಯಾರಿಂದ ಬೇಕಾದರೂ ಎರವಲು ತರುತ್ತಾರೆ. ನಮ್ಮ ಧರ್ಮಸಭೆಯ ಚರಿತ್ರೆಯ ಆ ಪುಟವನ್ನೂ ನಾವು ಮುಚ್ಚಿಡುವಂತಿಲ್ಲ. ಜ್ಯೂರಿಯತ್ತ ತಿರುಗಿ, ನಿಮ್ಮ ಹಕ್ಕನ್ನು ಬಿಟ್ಟುಕೊಡಬೇಡಿ ಎಂದು ಪೆನ್ ಕೂಗಿದ. ಬಿಡುವುದಿಲ್ಲ ಎಂದು ಅವರೂ ಅಲ್ಲಿಂದಲೇ ಉತ್ತರ ಕೊಟ್ಟರು. ಎರಡನೇ ರಾತ್ರಿಯೂ ಉಪವಾಸ.

ಸೆಪ್ಟೆಂಬರ್ 5, ಸೋಮವಾರ ಬೆಳಗ್ಗೆ ಮುಖ್ಯಸ್ಥ ಎದ್ದು ನಿಂತ. ಪೆನ್ ನಿರ್ದೋಷಿ, ಮೀಡ್ ನಿರ್ದೋಷಿ. ನಂಬಿಕೆ ಬರದೆ ಒಬ್ಬೊಬ್ಬರ ಹೆಸರು ಕರೆದು ಕೇಳಿದರು. ಹನ್ನೆರಡು ಸಲ ಅದೇ ಮಾತು. ಮೊದಲ ದಿನ ಪೀಠದ ಕಡೆ ಇದ್ದ ಎಂಟು ಜನರೂ ಈಗ ಬುಶೆಲ್‌ನ ಜೊತೆ ಬಂದಿದ್ದರು. ಹಸಿವಿನಿಂದ ಒಮ್ಮತ ಹುಟ್ಟಿತ್ತು ನಿಜ, ಆದರೆ ಪೀಠ ಬಯಸಿದ್ದರ ತಿರುಗುಮುರುಗು.

ಅಲ್ಲಿಗೆ ಮುಗಿಯಲಿಲ್ಲ. ತಪ್ಪು ತೀರ್ಪು ಕೊಟ್ಟಿರಿ ಎಂದು ಹನ್ನೆರಡೂ ಜನರಿಗೆ ತಲಾ 40 ಮಾರ್ಕ್ ದಂಡ, ಕಟ್ಟುವ ತನಕ ನ್ಯೂಗೇಟ್ ಸೆರೆಮನೆ. 40 ಮಾರ್ಕ್ ಅಂದರೆ ಅಂದಿನ 26 ಪೌಂಡ್ ಚಿಲ್ಲರೆ, ಒಬ್ಬ ಕೂಲಿಯವನ ವರ್ಷದ ದುಡಿಮೆಗಿಂತ ಹೆಚ್ಚು. ಪೆನ್ ಮತ್ತು ಮೀಡ್ ಕೂಡ ಬಿಡುಗಡೆಯಾಗಲಿಲ್ಲ, ಟೋಪಿಯ ದಂಡ ಬಾಕಿ ಇತ್ತಲ್ಲ! ಪೆನ್‌ನ ತಂದೆ ಆಗ ಸಾಯುವ ಸ್ಥಿತಿಯಲ್ಲಿದ್ದರು. ಮಗ ದಂಡ ಕಟ್ಟಬೇಡಿ ಎಂದರೂ ದುಡ್ಡು ಕಟ್ಟಿ ಬಿಡಿಸಿಕೊಂಡರು. ಸೆಪ್ಟೆಂಬರ್ 16ಕ್ಕೆ ತೀರಿಕೊಂಡರು. ಮುಂದೆ ಅಮೆರಿಕದಲ್ಲಿ ಪೆನ್ಸಿಲ್ವೇನಿಯ ವಸಾಹತು ಕಟ್ಟಿದ್ದು ಇದೇ ಮಗ.

ಜ್ಯೂರಿಯ ಎಂಟು ಜನ ಕೊನೆಗೆ ದಂಡ ಕಟ್ಟಿ ಮನೆಗೆ ಹೋದರು. ಅವರನ್ನು ಹೇಡಿಗಳು ಎನ್ನಲು ನಮಗೆ ಬಾಯಿ ಬರುವುದಿಲ್ಲ. ಎರಡು ರಾತ್ರಿ ಹಸಿದು, ತಮ್ಮ ಮಾತು ಹೇಳಿಯೇ ಬಂದವರು ಅವರು. ಆದರೆ ಬುಶೆಲ್ ಮತ್ತು ಮೂವರು ಒಂದು ಕಾಸೂ ಕಟ್ಟಲಿಲ್ಲ. ಸೆರೆಮನೆಯಿಂದಲೇ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು, ಅಂದರೆ ನಮ್ಮನ್ನು ಯಾವ ಕಾನೂನಿನಡಿ ಹಿಡಿದಿಟ್ಟಿದ್ದೀರಿ ಎಂದು ಮೇಲಿನ ಕೋರ್ಟಿನಲ್ಲಿ ಕೇಳಿದರು. ನವೆಂಬರಿನಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ವಾನ್ ಅವರನ್ನು ಬಿಡುಗಡೆ ಮಾಡಿದರು. ಒಂದೇ ಸಾಕ್ಷ್ಯ ಕೇಳಿದ ಇಬ್ಬರು ಪ್ರಾಮಾಣಿಕರು ಬೇರೆ ಬೇರೆ ನಿರ್ಣಯಕ್ಕೆ ಬರಬಹುದು; ನ್ಯಾಯಾಧೀಶ ಹೇಳಿದಂತೆಯೇ ಜ್ಯೂರಿ ಹೇಳಬೇಕಾದರೆ ಜ್ಯೂರಿ ಏಕೆ ಬೇಕು ಎಂಬುದು ಅವರ ತರ್ಕ. ಅಂದಿನಿಂದ, ಕೊಟ್ಟ ತೀರ್ಪಿಗಾಗಿ ಜ್ಯೂರಿಯವರನ್ನು ಶಿಕ್ಷಿಸುವುದು ನಿಂತಿತು. ನಾಲ್ವರಲ್ಲಿ ಒಬ್ಬನಾದ ಜಾನ್ ಹ್ಯಾಮಂಡ್, ತಮ್ಮನ್ನು ಅನ್ಯಾಯವಾಗಿ ಸೆರೆಗೆ ಹಾಕಿದ್ದಕ್ಕೆ ರೆಕಾರ್ಡರ್ ಹೋವೆಲ್ ಮೇಲೆ ಪರಿಹಾರದ ದಾವೆ ಹೂಡಿ ಸೋತ. ಕಳೆದುಹೋದ ದಿನಗಳಿಗೆ ಯಾರೂ ಬೆಲೆ ಕಟ್ಟಿಕೊಡಲಿಲ್ಲ.

ಇದೇ ಇಂಗ್ಲಿಷರು ಜ್ಯೂರಿಯನ್ನು ಹಡಗಿನಲ್ಲಿ ನಮ್ಮ ದೇಶಕ್ಕೂ ತಂದರು. ಇಲ್ಲಿಗೆ ಬಂದಾಗ ಪ್ರಶ್ನೆ ಬೇರೆಯಾಯಿತು. ಅಲ್ಲಿ, ಕರೆ ಬಂದರೆ ತಪ್ಪಿಸಿಕೊಳ್ಳುವುದು ಹೇಗೆ ಎಂದಿದ್ದರೆ, ಇಲ್ಲಿ, ಕರೆಯುವುದು ಯಾರನ್ನು?

ಮೊದಮೊದಲು ಕಲ್ಕತ್ತಾ, ಮದ್ರಾಸ್, ಮುಂಬೈಯ ರಾಜನ ಕೋರ್ಟುಗಳಲ್ಲಿ ಜ್ಯೂರಿ ಬಿಳಿಯರ ಸೊತ್ತು. 1826ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿ ಭಾರತೀಯರಿಗೂ ಬಾಗಿಲು ತೆರೆಯಿತು. ಆದರೆ ಆ ಕಾಯ್ದೆಯಲ್ಲಿ ಒಂದು ಮುಳ್ಳಿತ್ತು. ಆರೋಪಿ ಕ್ರೈಸ್ತನಾಗಿದ್ದರೆ ಜ್ಯೂರಿಯಲ್ಲಿ ಕ್ರೈಸ್ತರೇ ಇರಬೇಕು. ಹಿಂದೂ ಅಥವಾ ಮುಸಲ್ಮಾನ ಆರೋಪಿಯ ಮೇಲೆ ಕ್ರೈಸ್ತ ಕೂತು ತೀರ್ಪು ಹೇಳಬಹುದು, ಬಿಳಿಯನಾಗಲಿ ದೇಶೀಯನಾಗಲಿ. ಕ್ರೈಸ್ತನ ಮೇಲೆ ಹಿಂದೂವಾಗಲಿ ಮುಸಲ್ಮಾನನಾಗಲಿ ಕೂರುವ ಹಾಗಿಲ್ಲ. ಯಾವ ಆರೋಪವನ್ನು ವಿಚಾರಣೆಗೆ ಕಳಿಸಬೇಕೆಂದು ನಿರ್ಧರಿಸುವ ಗ್ರ್ಯಾಂಡ್ ಜ್ಯೂರಿಯಲ್ಲೂ ಅವರಿಗೆ ಜಾಗವಿಲ್ಲ. ರಾಜಾ ರಾಮಮೋಹನ ರಾಯರು ಇದನ್ನು ಬಲವಾಗಿ ವಿರೋಧಿಸಿದರು. 1832ರಲ್ಲಿ ಇನ್ನೊಂದು ಕಾಯ್ದೆ ಬಂದು ಈ ಭೇದ ಹೋಯಿತು.

ಕ್ರೈಸ್ತ ಯುವಕರಾದ ನಾವು ಈ ಆರು ವರ್ಷದ ವಿಷಯವನ್ನು ಗಟ್ಟಿಯಾಗಿಯೇ ಓದಬೇಕು. ನಮ್ಮ ಹೆಸರಿನಲ್ಲಿ ಕೊಟ್ಟ ಆ ರಿಯಾಯಿತಿ ನ್ಯಾಯವಲ್ಲ. ಅದರ ಹಿಂದೆ ವಿಶ್ವಾಸವೂ ಇರಲಿಲ್ಲ, ಆಳುವವರ ಅನುಕೂಲ ಇತ್ತು. ಇಂದು ನಾವು ಅಲ್ಪಸಂಖ್ಯಾತರಾಗಿ ಸಮಾನತೆ ಕೇಳುವಾಗ, ರಾಮಮೋಹನರಾಯರು ಅಂದು ಕೇಳಿದ್ದೂ ಅದನ್ನೇ ಎಂಬುದು ನೆನಪಿರಲಿ.

ಈಗ ಹತ್ತಿರದ ಮುಂಬೈಗೆ ಬರೋಣ. ನಮ್ಮ ಸೋಲಾಪುರವೂ ಆಗ ಮುಂಬೈ ಪ್ರಾಂತದ್ದೇ. ಜಿಲ್ಲೆಗಳ ಕೋರ್ಟುಗಳಲ್ಲಿ ಜ್ಯೂರಿ ಕಡಿಮೆ. ಬಹುಪಾಲು ಕಡೆ ಅಸೆಸರ್ ಎಂಬವರು ಕೂರುತ್ತಿದ್ದರು, ಅವರ ಅಭಿಪ್ರಾಯವನ್ನು ನ್ಯಾಯಾಧೀಶರು ಒಪ್ಪಲೇಬೇಕೆಂದಿರಲಿಲ್ಲ. ಹೈಕೋರ್ಟಿನಲ್ಲಿ ಮಾತ್ರ ಒಂಬತ್ತು ಜನರ ಜ್ಯೂರಿ. ಅಲ್ಲಿ ಒಮ್ಮತ ಬೇಕಿಲ್ಲ, ಆರು ಜನ ಒಪ್ಪಿ ನ್ಯಾಯಾಧೀಶರೂ ಹೂಂ ಎಂದರೆ ಸಾಕು.

1897ರಲ್ಲಿ ಲೋಕಮಾನ್ಯ ತಿಲಕರ ಮೇಲೆ 'ಕೇಸರಿ'ಯ ಬರಹಗಳಿಗಾಗಿ ರಾಜದ್ರೋಹದ ಮೊಕದ್ದಮೆ ನಡೆಯಿತು. ಜ್ಯೂರಿಯಲ್ಲಿ ಆರು ಯುರೋಪಿಯನ್ನರು, ಮೂವರು ಭಾರತೀಯರು. ತೀರ್ಪು ಆರಕ್ಕೆ ಮೂರು. ಒಂದೂವರೆ ವರ್ಷ ಸೆರೆ. 1908ರಲ್ಲಿ ಮತ್ತೆ ಅದೇ ಆರೋಪ. ಈ ಸಲ ಸರ್ಕಾರ 'ವಿಶೇಷ ಜ್ಯೂರಿ' ಕೇಳಿತು, ಅಂದರೆ ಸ್ಥಿತಿವಂತರ ಪಟ್ಟಿಯಿಂದ ಆರಿಸಿದ ಜ್ಯೂರಿ. ಅದನ್ನು ಕೋರ್ಟಿನಲ್ಲಿ ವಿರೋಧಿಸಿದವರು ತಿಲಕರ ವಕೀಲ ಜೋಸೆಫ್ ಬ್ಯಾಪ್ಟಿಸ್ಟ, ಮುಂಬೈಯ ಮಜಗಾಂವಿನ ಕಥೋಲಿಕರು. ಜನ ಪ್ರೀತಿಯಿಂದ ಕಾಕಾ ಬ್ಯಾಪ್ಟಿಸ್ಟ ಎನ್ನುತ್ತಿದ್ದರು. ಕೇಸಿನಲ್ಲಿರುವ ಲೇಖನಗಳು ಮರಾಠಿಯವು. ಮರಾಠಿ ಬಾರದ ಯುರೋಪಿಯನ್ನರೇ ತುಂಬಿದ ಜ್ಯೂರಿ ಅವನ್ನು ಹೇಗೆ ಅಳೆಯುತ್ತದೆ ಎಂಬುದು ವಾದ. ನ್ಯಾಯಾಲಯ ಒಪ್ಪಲಿಲ್ಲ.

ಈ ವಾದದ ತೂಕ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಹೈಕೋರ್ಟಿನಲ್ಲಿ ಇಂಗ್ಲಿಷ್. ಹೊಲದ ಬದುವಿನ ಬಗ್ಗೆ ಅಜ್ಜಿ ಹೇಳಿದ ಒಂದು ಮಾತು ಎರಡು ಸಲ ಭಾಷೆ ಬದಲಾಯಿಸಿ ಕಾಗದಕ್ಕಿಳಿಯುವಾಗ ಅಜ್ಜಿಯ ದನಿ ಎಲ್ಲಿ ಉಳಿದಿರುತ್ತದೆ. ತಿಲಕರು ಐದಾರು ದಿನಗಳಲ್ಲಿ 21 ಗಂಟೆಗೂ ಹೆಚ್ಚು ಕಾಲ ತಾವೇ ವಾದಿಸಿದರು. ಅದರಲ್ಲಿ ಬಹಳ ಹೊತ್ತು ಹೋದದ್ದು ಈ ಶಬ್ದದ ಅನುವಾದ ತಪ್ಪು, ಆ ಶಬ್ದಕ್ಕೆ ಆ ಅರ್ಥವಿಲ್ಲ ಎಂದು ತಿಳಿಸುವುದರಲ್ಲೇ.

ಜುಲೈ 22ರ ರಾತ್ರಿ ತೀರ್ಪು ಬಂತು. ಏಳು ಯುರೋಪಿಯನ್ನರು ದೋಷಿ ಎಂದರು, ಇಬ್ಬರು ಪಾರ್ಸಿಗಳು ನಿರ್ದೋಷಿ ಎಂದರು. ಪೀಠದಲ್ಲಿದ್ದ ನ್ಯಾಯಮೂರ್ತಿ ದಿನ್ಶಾ ದಾವರ್ ಕೂಡ ಪಾರ್ಸಿ, 1897ರಲ್ಲಿ ತಿಲಕರಿಗೆ ಜಾಮೀನು ಕೊಡಿಸಿದ ವಕೀಲರೂ ಅವರೇ. ಈಗ ಏಳು ಜನರ ಮಾತು ಒಪ್ಪಿ ಆರು ವರ್ಷದ ಶಿಕ್ಷೆ ಕೊಟ್ಟರು. ತಿಲಕರನ್ನು ಮಂಡಾಲೆಗೆ ಕಳಿಸಿದರು. ಮುಂಬೈಯ ಗಿರಣಿ ಕಾರ್ಮಿಕರು ಆರು ದಿನ ಕೆಲಸ ನಿಲ್ಲಿಸಿದರು. ಲಂಡನ್ನಿನ ಹಾಗೆ ಇಲ್ಲೂ ಒಮ್ಮತ ಬೇಕಿದ್ದರೆ ಆ ಇಬ್ಬರ ಮಾತೇ ಸಾಕಿತ್ತು, ದೋಷಿ ಎಂಬ ತೀರ್ಪು ಬರುತ್ತಲೇ ಇರಲಿಲ್ಲ. ಸರ್ಕಾರದ ದೃಷ್ಟಿಯಲ್ಲಿ ದೊಡ್ಡ ಶತ್ರುವಾಗಿದ್ದವನ ಪರವಾಗಿ, ತಮ್ಮದೇ ಸಮುದಾಯದ ನ್ಯಾಯಾಧೀಶರ ಎದುರು, ಏಳು ಜನರ ಪಕ್ಕದಲ್ಲಿ ಕೂತು 'ಇಲ್ಲ' ಅಂದ ಆ ಇಬ್ಬರನ್ನು ನಾವು ಬುಶೆಲ್‌ನ ಸಾಲಿಗೇ ಸೇರಿಸುತ್ತೇವೆ. ಓಲ್ಡ್ ಬೇಯ್ಲಿಯಲ್ಲಿ ವೀರ್, ಬುಶೆಲ್ ಮತ್ತು ಉಳಿದ ಹತ್ತು ಜನರ ನೆನಪಿಗೆ ಫಲಕ ಇದೆ. ಮುಂಬೈ ಹೈಕೋರ್ಟಿನಲ್ಲಿ ಇರುವುದು ತಿಲಕರ ಮಾತಿನ ಫಲಕ.

ಬ್ಯಾಪ್ಟಿಸ್ಟ ಆಮೇಲೂ ತಿಲಕರ ಜೊತೆ ಉಳಿದರು. 1916ರಲ್ಲಿ ನಮ್ಮ ಬೆಳಗಾವಿಯಲ್ಲಿ ಹುಟ್ಟಿದ ಹೋಂ ರೂಲ್ ಲೀಗಿಗೆ ಅವರೇ ಮೊದಲ ಅಧ್ಯಕ್ಷರು.

ಕೊನೆಯ ಭಾಗ ನಿಮಗೆ ಗೊತ್ತಿರುವುದೇ, ಸಿನಿಮಾ ಆಗಿದೆ. 1959ರಲ್ಲಿ ನೌಕಾಪಡೆಯ ಕಮಾಂಡರ್ ನಾನಾವತಿ ಮುಂಬೈಯಲ್ಲಿ ಪ್ರೇಮ್ ಆಹುಜಾನನ್ನು ಗುಂಡಿಟ್ಟು ಕೊಂದ ಕೇಸು. ಪತ್ರಿಕೆಗಳು ಹುಯಿಲೆಬ್ಬಿಸಿದ್ದವು, ಊರೆಲ್ಲ ಕಮಾಂಡರನ ಕಡೆ. ಜ್ಯೂರಿ ಎಂಟಕ್ಕೆ ಒಂದರಂತೆ ನಿರ್ದೋಷಿ ಎಂದಿತು. ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಅಲ್ಲಿ ಜೀವಾವಧಿ ಶಿಕ್ಷೆಯಾಯಿತು, 1961ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಈ ಒಂದು ಕೇಸಿನಿಂದ ಜ್ಯೂರಿ ಹೋಯಿತು ಎಂದು ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. 1958ರಲ್ಲೇ ಕಾನೂನು ಆಯೋಗ ಜ್ಯೂರಿ ಬೇಡ ಎಂದು ವರದಿ ಕೊಟ್ಟಿತ್ತು, ನಾನಾವತಿ ಕೇಸಿನ ನಂತರವೂ ಕೆಲವೆಡೆ ಜ್ಯೂರಿ ನಡೆದಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆ ಅದನ್ನು ಪೂರ್ತಿ ಕೈಬಿಟ್ಟಿತು. ಎಂಟು ಜನ ಊರಿನ ಗದ್ದಲ ಕೇಳಿಸಿಕೊಂಡರೋ ಸಾಕ್ಷ್ಯ ಕೇಳಿಸಿಕೊಂಡರೋ ಎಂಬ ಪ್ರಶ್ನೆ ನಮಗೂ ಇದೆ. ಆದರೂ ಆ ಒಂಬತ್ತರಲ್ಲಿ ಒಬ್ಬರು ಬೇರೆ ಹೇಳಿದರಲ್ಲ, ಆ ದಿನ ಅವರು ಟ್ರಾಮಿನಲ್ಲೋ ಲೋಕಲ್ಲಿನಲ್ಲೋ ಮನೆಗೆ ಹೇಗೆ ಹೋದರು ಎಂದು ಯೋಚಿಸುತ್ತೇವೆ.

ಜ್ಯೂರಿಯ ಒಂದು ತುಣುಕು ನಮ್ಮ ದೇಶದಲ್ಲಿ ಇನ್ನೂ ಉಳಿದಿದೆ. ಪಾರ್ಸಿಗಳ ವಿವಾಹ ಮತ್ತು ವಿಚ್ಛೇದನದ 1936ರ ಕಾಯ್ದೆಯಲ್ಲಿ ನ್ಯಾಯಾಧೀಶರ ಜೊತೆ ಸಮುದಾಯದ ಸಾಧಾರಣ ಜನ ಪ್ರತಿನಿಧಿಗಳಾಗಿ ಕೂರುತ್ತಾರೆ. ಮೊದಲು ಏಳು ಜನ, 1988ರಿಂದ ಐವರು. ಅದೂ ಬೇಡವೆಂದು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದವರಿದ್ದಾರೆ.

ನಮಗೆ ಉಳಿದಿರುವುದು ಪಂಚನಾಮೆ. ಪಂಚರು ತೀರ್ಪು ಹೇಳುವವರಲ್ಲ, ಕಂಡದ್ದನ್ನು ಕಂಡ ಹಾಗೆ ಹೇಳುವವರು. ಶೋಧಕ್ಕೆ ಬಂದ ಪೊಲೀಸರು ಆ ಜಾಗದ ಇಬ್ಬರು ಅಥವಾ ಹೆಚ್ಚು ಮರ್ಯಾದಸ್ಥರನ್ನು ಕರೆದುಕೊಳ್ಳಬೇಕು. ಬರೆದ ಆದೇಶ ಕೊಟ್ಟ ಮೇಲೂ ಸರಿಯಾದ ಕಾರಣವಿಲ್ಲದೆ ಒಲ್ಲೆ ಅಂದರೆ ಅದೇ ಅಪರಾಧ. ಮುಂದಿನ ತಿಂಗಳ ಯುವಕ ಸಂಘದ ಸಭೆಗೆ ಈ ವಿಷಯ ಬಲ್ಲ ವಕೀಲರೊಬ್ಬರನ್ನು ಕರೆಯುತ್ತಿದ್ದೇವೆ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬಾರದು ಅನ್ನುವುದರಿಂದ ಶುರು ಮಾಡಿ ಎಂದು ಕೇಳಿಕೊಂಡಿದ್ದೇವೆ. ಪ್ರಶ್ನೆಗಳಿದ್ದವರು ಬರೆದುಕೊಂಡು ಬನ್ನಿ, ಕನ್ನಡದಲ್ಲೇ ಆಗಬಹುದು.